ಡೀಸೆಲ್ ಹೊಗೆಯ ಖರ್ಚು ಯಾರ ಖಾತೆಗೆ?



ನಮ್ಮ ಸಂಘದ ವೈದ್ಯಕೀಯ ನೆರವಿನ ಅರ್ಜಿಯಲ್ಲಿ, ಎರಡನೇ ಪುಟದ ಕೆಳಗೆ, ‘ಕಾಯಿಲೆಗೆ ಕಾರಣ’ ಎಂಬ ಒಂದು ಕಲಂ ಇದೆ. ಅದನ್ನು ಯಾರು ಸೇರಿಸಿದರೋ, ಹಿಂದಿನ ಸಮಿತಿಯವರಿಗೂ ನೆನಪಿಲ್ಲ. ಬಹಳ ಜನ ಖಾಲಿ ಬಿಡುತ್ತಾರೆ. ಕೆಲವರು ‘ದೈವೇಚ್ಛೆ’ ಎಂದು ಬರೆಯುತ್ತಾರೆ. ಕಳೆದ ಚಳಿಗಾಲದಲ್ಲಿ ಬಂದ ಒಂದು ಅರ್ಜಿಯಲ್ಲಿ ‘ಗೊತ್ತಿಲ್ಲ. ಬೀಡಿ ಸಿಗರೇಟು ಮುಟ್ಟಿದವನಲ್ಲ’ ಎಂದು ಬರೆದಿತ್ತು.

ಅರ್ಜಿದಾರರು ವಿಜಯಪುರ ಜಿಲ್ಲೆಯವರು. ದೆಹಲಿಗೆ ಬಂದು ಮೂವತ್ತು ವರ್ಷ ದಾಟಿದೆ. ನಗರದ ಉತ್ತರ ದಿಕ್ಕಿನಲ್ಲಿ ಲಾರಿಗಳು ಬಂದು ನಿಲ್ಲುವ ಕಡೆ ಒಂದು ಬುಕಿಂಗ್ ಆಫೀಸಿನಲ್ಲಿ ರಸೀದಿ ಬರೆಯುವ ಕೆಲಸ ಮಾಡುತ್ತಿದ್ದರು. ಅವರ ಮೇಜು ಕಿಟಕಿಯ ಪಕ್ಕ, ಕಿಟಕಿಯ ಆಚೆ ಲಾರಿಗಳ ಸಾಲು. ಸರಕು ಏರಿಸುವಾಗ ಚಾಲಕರು ಎಂಜಿನ್ ಆರಿಸುವುದಿಲ್ಲ, ಚಳಿಗಾಲದಲ್ಲಂತೂ ಇಲ್ಲವೇ ಇಲ್ಲ. ಈಗ ಅವರಿಗೆ ದಿನಕ್ಕೆ ಹದಿನೈದು ಗಂಟೆ ಆಮ್ಲಜನಕ ಬೇಕು. ನಾನೂ ಜೊತೆಗೆ ಹೋಗಿದ್ದೆ. ವೈದ್ಯರು ತಂಬಾಕಿನ ಬಗ್ಗೆ ಕೇಳಿದರು, ಸೌದೆ ಒಲೆಯ ಬಗ್ಗೆ ಕೇಳಿದರು, ಕೊನೆಗೆ ಕೆಲಸ ಎಲ್ಲಿ ಎಂದು ಕೇಳಿದರು. ಉತ್ತರ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದೊಂದೇ ಕಾರಣ ಎಂದು ಬರೆದುಕೊಡಲಾರೆ, ಇದೂ ಒಂದು ಎನ್ನಬಲ್ಲೆ’ ಎಂದರು.

ನಾನು ವೈದ್ಯನಲ್ಲ. ಧಾರವಾಡದಲ್ಲಿ ಬಿ.ಕಾಂ. ಮುಗಿಸಿ ಬ್ಯಾಂಕ್ ಸೇರಿ, 1991ರಲ್ಲಿ ದೆಹಲಿಗೆ ವರ್ಗವಾಗಿ ಬಂದು, ಇಲ್ಲೇ ನಿವೃತ್ತನಾದವನು. ಆದರೆ ಆ ಖಾಲಿ ಕಲಂ ಮನಸ್ಸಿನಲ್ಲಿ ಕುಳಿತುಬಿಟ್ಟಿತು. ಅದಕ್ಕಾಗಿ ಓದಿದ್ದು, ಕೇಳಿ ತಿಳಿದದ್ದು, ನನ್ನ ನೌಕರಿಯಲ್ಲೇ ಕಂಡದ್ದು, ಇಷ್ಟನ್ನು ಈ ಸಂಚಿಕೆಯಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ. ದೇಣಿಗೆ ಕೇಳುವ ಪತ್ರದಲ್ಲಿ ಡೀಸೆಲ್ ಪಾಠವೇಕೆ ಎಂದು ಸಮಿತಿಯ ಹಿರಿಯರೊಬ್ಬರು ಗೊಣಗಿದರು. ಓದಿ ನೋಡಿ.

ಪೆಟ್ರೋಲ್ ಎಂಜಿನ್ನಿನಲ್ಲಿ ಗಾಳಿ ಮತ್ತು ಇಂಧನ ಮೊದಲೇ ಬೆರೆತು, ಕಿಡಿ ತಾಗಿ ಉರಿಯುತ್ತವೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಇಲ್ಲ. ಬರೀ ಗಾಳಿಯನ್ನು ಬಲವಾಗಿ ಒತ್ತಿ ಬಿಸಿ ಮಾಡುತ್ತಾರೆ, ಆ ಬಿಸಿಗಾಳಿಗೆ ಡೀಸೆಲನ್ನು ತುಂತುರಾಗಿ ಚಿಮ್ಮಿಸಿದರೆ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಹೀಗೆ ಉರಿಯುವಾಗ ಇಂಧನ ಹೆಚ್ಚಾಗಿ ಗಾಳಿ ಸಾಲದ ಜಾಗಗಳಲ್ಲಿ ಅರ್ಧಂಬರ್ಧ ಬೆಂದು ಮಸಿಯಾಗುತ್ತದೆ. ಚೆನ್ನಾಗಿ ಉರಿದ ಜಾಗದಲ್ಲಿ ಶಾಖ ಎಷ್ಟಿರುತ್ತದೆಂದರೆ ಗಾಳಿಯಲ್ಲಿರುವ ನೈಟ್ರೋಜನ್ನೇ ಆಮ್ಲಜನಕದೊಡನೆ ಸೇರಿ ನೈಟ್ರೋಜನ್ ಆಕ್ಸೈಡುಗಳಾಗುತ್ತವೆ. ಮಸಿ ಒಂದು, ಈ ಅನಿಲ ಇನ್ನೊಂದು. ಒಂದನ್ನು ತಗ್ಗಿಸಲು ಎಂಜಿನ್ ತಿರುಗಿಸಿದರೆ ಇನ್ನೊಂದು ಏರುತ್ತದೆ ಎಂಬುದು ಎಂಜಿನಿಯರುಗಳ ಹಳೆಯ ತಲೆನೋವು. ಅದೇ ಎಂಜಿನ್ ಕಡಿಮೆ ಇಂಧನದಲ್ಲಿ ಹೆಚ್ಚು ಭಾರ ಎಳೆಯುತ್ತದೆ ಎಂಬುದೂ ನಿಜ. ಲಾರಿ, ಬಸ್ಸು, ಟ್ರಾಕ್ಟರು, ಪಂಪುಸೆಟ್ಟು ಎಲ್ಲಕ್ಕೂ ಅದೇ ಬೇಕಾಗಿದ್ದು ಇದಕ್ಕೇ.

ನಮ್ಮ ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್. ಪತ್ರಿಕೆಗಳಲ್ಲಿ ಬರುವ ‘ಪಿ.ಎಂ. 2.5’ ಎಂದರೆ ಎರಡೂವರೆ ಮೈಕ್ರಾನ್ ಅಥವಾ ಅದಕ್ಕಿಂತ ಸಣ್ಣ ಕಣ. ಡೀಸೆಲ್ ಮಸಿಯ ಕಣಗಳಲ್ಲಿ ಹೆಚ್ಚಿನವು ಒಂದು ಮೈಕ್ರಾನಿಗಿಂತಲೂ ಸಣ್ಣವು. ರಸ್ತೆಯ ಧೂಳನ್ನು ಮೂಗಿನ ಕೂದಲು, ಗಂಟಲಿನ ಕಫ ತಡೆಯುತ್ತವೆ. ಈ ಮಸಿ ನೇರವಾಗಿ ಶ್ವಾಸಕೋಶದ ಕೊನೆಯ ಗಾಳಿಚೀಲದವರೆಗೆ ಹೋಗುತ್ತದೆ, ತೀರಾ ಸೂಕ್ಷ್ಮವಾದದ್ದು ಅಲ್ಲಿಂದ ರಕ್ತಕ್ಕೂ ಇಳಿಯುತ್ತದೆ. ಹಾಗಾಗಿ ತೊಂದರೆ ಉಬ್ಬಸ, ಕೆಮ್ಮಿಗೆ ನಿಲ್ಲುವುದಿಲ್ಲ. ಹೃದಯಾಘಾತ, ಪಾರ್ಶ್ವವಾಯುವಿನ ಪಟ್ಟಿಯಲ್ಲೂ ಸೂಕ್ಷ್ಮ ಕಣಗಳ ಹೆಸರಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲಿ ಡೀಸೆಲ್ ಹೊಗೆಯನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂದಿತ್ತು. ಅಮೆರಿಕದ 12,000ಕ್ಕೂ ಹೆಚ್ಚು ಗಣಿ ಕಾರ್ಮಿಕರ ಅಧ್ಯಯನದಂಥ ಪುರಾವೆ ಬಂದ ಮೇಲೆ, 2012ರ ಜೂನ್‌ನಲ್ಲಿ ‘ಬಹುಶಃ’ ಎಂಬ ಮಾತನ್ನು ತೆಗೆದುಹಾಕಿತು. ತಂಬಾಕು ಇರುವ ಮೊದಲನೇ ಗುಂಪಿನಲ್ಲೇ ಈಗ ಡೀಸೆಲ್ ಹೊಗೆಯೂ ಇದೆ. ಬುಕಿಂಗ್ ಆಫೀಸಿನ ನಮ್ಮ ಬಂಧು ‘ಬೀಡಿ ಮುಟ್ಟಿದವನಲ್ಲ’ ಎಂದು ಬರೆದದ್ದು ಈ ವಾಕ್ಯ ಓದುವಾಗ ನೆನಪಾಯಿತು.

ಹಾಗೆಂದು ದೆಹಲಿಯ ಹೊಗೆಯೆಲ್ಲ ಡೀಸೆಲಿನದೇ ಎಂದು ನಾನು ಹೇಳಿದರೆ ಲೆಕ್ಕ ತಪ್ಪಾಗುತ್ತದೆ. ಪಂಜಾಬ್, ಹರಿಯಾಣದ ಗದ್ದೆಯ ಕೂಳೆಗೆ ಹಚ್ಚುವ ಬೆಂಕಿ ಇದೆ, ಕಸ ಸುಡುವುದಿದೆ, ಕಟ್ಟಡಗಳ ಧೂಳಿದೆ. ಚಳಿಗಾಲದಲ್ಲಿ ನೆಲದ ಹತ್ತಿರ ತಣ್ಣನೆಯ ಗಾಳಿ, ಮೇಲೆ ಬೆಚ್ಚನೆಯ ಗಾಳಿ ನಿಂತು ಪಾತ್ರೆಗೆ ಮುಚ್ಚಳ ಹಾಕಿದಂತಾಗುವುದೂ ಇದೆ. ಕಾನ್ಪುರದ ಐ.ಐ.ಟಿ. ದೆಹಲಿ ಸರ್ಕಾರಕ್ಕೆ 2016ರಲ್ಲಿ ಕೊಟ್ಟ ವರದಿಯಲ್ಲಿ, ನಗರದೊಳಗೆ ಹುಟ್ಟುವ ಪಿ.ಎಂ. 2.5ರಲ್ಲಿ ರಸ್ತೆಯ ಧೂಳಿನ ಪಾಲು ಸುಮಾರು ಶೇ. 38, ವಾಹನಗಳದು ಶೇ. 20. ವಾಹನಗಳ ಪಾಲಿನಲ್ಲಿ ಮೊದಲ ಸ್ಥಾನ ಲಾರಿಗಳದು. ಆದರೆ ಧೂಳಿನ ಒಂದು ಗ್ರಾಂಗೂ ಡೀಸೆಲ್ ಮಸಿಯ ಒಂದು ಗ್ರಾಂಗೂ ದೇಹದ ಮಟ್ಟಿಗೆ ಒಂದೇ ಬೆಲೆ ಇಲ್ಲ. ಆಕಾಶದ ಸರಾಸರಿ ಬೇರೆ, ಎಂಜಿನ್ನಿನ ಪಕ್ಕ ಕೂತವನ ಮೂಗಿಗೆ ಬರುವ ಪ್ರಮಾಣ ಬೇರೆ.

ಈಗ ನಾನು ಕಣ್ಣಾರೆ ಕಂಡ ಕಥೆ. 1991ರಲ್ಲಿ ನಾನು ಬಂದಾಗ ಐ.ಟಿ.ಒ. ನಿಲ್ದಾಣದಲ್ಲಿ ಸಂಜೆ ಹತ್ತು ನಿಮಿಷ ನಿಂತು ಮನೆಗೆ ಹೋಗಿ ಮುಖ ಒರೆಸಿಕೊಂಡರೆ ಕರವಸ್ತ್ರ ಕಪ್ಪಾಗುತ್ತಿತ್ತು. ನನ್ನ ಹೆಂಡತಿ ಬಿಳಿ ಅಂಗಿ ಹೊಲಿಸುವುದನ್ನೇ ನಿಲ್ಲಿಸಿಬಿಟ್ಟಳು. ಆಗಿನ ಡೀಸೆಲಿನಲ್ಲಿ ಗಂಧಕ ಹತ್ತು ಲಕ್ಷಕ್ಕೆ 10,000 ಭಾಗ, ಅಂದರೆ ನೂರಕ್ಕೆ ಒಂದು ಪಾಲಿನವರೆಗೂ ಇರುತ್ತಿತ್ತು. ಸಾಲದ್ದಕ್ಕೆ ಅಗ್ಗದ ಸೀಮೆಎಣ್ಣೆ ಬೆರೆಸುವ ದಂಧೆ. ವಕೀಲ ಎಂ.ಸಿ. ಮೆಹ್ತಾ ಅವರು 1985ರಲ್ಲೇ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಅನಿಲ್ ಅಗರ್ವಾಲ್ ಅವರ ವಿಜ್ಞಾನ ಮತ್ತು ಪರಿಸರ ಕೇಂದ್ರ 1996ರಲ್ಲಿ ವಾಹನ ಹೊಗೆಯ ಬಗ್ಗೆ ಒಂದು ಪುಸ್ತಕ ಹೊರತಂದು ಅದನ್ನು ‘ನಿಧಾನದ ಕೊಲೆ’ ಎಂದೇ ಕರೆಯಿತು. 1998ರ ಜನವರಿಯಲ್ಲಿ ಭೂರೇ ಲಾಲ್ ಅವರ ಅಧ್ಯಕ್ಷತೆಯಲ್ಲಿ ಒಂದು ಪ್ರಾಧಿಕಾರ ರಚನೆಯಾಯಿತು. ಅದರ ಶಿಫಾರಸಿನ ಮೇಲೆ 1998ರ ಜುಲೈ 28ರಂದು ನ್ಯಾಯಾಲಯ ಆದೇಶ ಕೊಟ್ಟಿತು: 2001ರ ಮಾರ್ಚ್ 31ರೊಳಗೆ ದೆಹಲಿಯ ಎಲ್ಲ ಬಸ್ಸುಗಳೂ ಸಿ.ಎನ್.ಜಿ.ಗೆ ಬದಲಾಗಬೇಕು.

ಯಾರೂ ನಂಬಲಿಲ್ಲ. ನಮ್ಮ ಶಾಖೆಯಲ್ಲಿ ಸಾಲ ಪಡೆದಿದ್ದ ಖಾಸಗಿ ಬಸ್ ಮಾಲೀಕರು ಗಡುವು ಮುಂದಕ್ಕೆ ಹೋಗುತ್ತದೆ ಎಂದು ಧೈರ್ಯವಾಗಿದ್ದರು. ನಾವು ಬ್ಯಾಂಕಿನವರೂ ಹಾಗೇ ಎಣಿಸಿದ್ದೆವು. ಗಡುವು ನಿಜವಾಗಿಯೂ ಮುಂದಕ್ಕೆ ಹೋಯಿತು, ಒಮ್ಮೆಯಲ್ಲ, ಹಲವು ಬಾರಿ. 2001ರ ಏಪ್ರಿಲ್ ಆರಂಭದಲ್ಲಿ ರಸ್ತೆಯಲ್ಲಿ ಬಸ್ಸೇ ಇಲ್ಲದೆ ಜನ ಪರದಾಡಿದರು. ಗ್ಯಾಸ್ ಬಂಕುಗಳ ಮುಂದೆ ಆಟೋಗಳ ಸಾಲು ರಾತ್ರಿಯಿಡೀ ನಿಲ್ಲುತ್ತಿತ್ತು, ಚಾಲಕರು ಅಲ್ಲೇ ಸೀಟಿನ ಮೇಲೆ ಮುದುಡಿ ಮಲಗುತ್ತಿದ್ದರು. ಇಂಧನ ಇದೇ ಆಗಬೇಕೆಂದು ಕೋರ್ಟು ಹೇಳಬಾರದು, ಹೊಗೆಯ ಮಿತಿ ಮಾತ್ರ ಹೇಳಲಿ ಎಂದು ಸರ್ಕಾರ ನೇಮಿಸಿದ ಮಾಶೇಲ್ಕರ್ ಸಮಿತಿಯ ವಾದವೂ ಇತ್ತು. ಪುಸ್ತಕದ ಮಟ್ಟಿಗೆ ಆ ವಾದ ಸರಿಯೇ. ಆದರೆ ಕಲಬೆರಕೆ ನಿಲ್ಲದ ಊರಿನಲ್ಲಿ, ಬೆರೆಸಲು ಬಾರದ ಇಂಧನಕ್ಕೆ ಒಂದು ಬೆಲೆ ಇದೆ ಎಂಬ ಭೂರೇ ಲಾಲ್ ಪ್ರಾಧಿಕಾರದ ಮಾತು ನನಗೆ ಇಂದಿಗೂ ಹೆಚ್ಚು ಸರಿ ಕಾಣುತ್ತದೆ. 2002ರ ಏಪ್ರಿಲ್ 5ರಂದು ನ್ಯಾಯಾಲಯ ಡೀಸೆಲ್ ಬಸ್ಸಿಗೆ ದಿನಕ್ಕೆ 500 ರೂಪಾಯಿ, ಒಂದು ತಿಂಗಳ ನಂತರ 1,000 ರೂಪಾಯಿ ದಂಡ ಎಂದಿತು. ದಂಡದ ಮಾತು ಬಂದ ಮೇಲೆ ಕೆಲಸ ಓಡಿತು. ಆ ವರ್ಷದ ಡಿಸೆಂಬರ್ ಹೊತ್ತಿಗೆ ನಗರದ ಕೊನೆಯ ಡೀಸೆಲ್ ಬಸ್ಸುಗಳು ರಸ್ತೆಯಿಂದ ಇಳಿದವು. ಅದೇ ವರ್ಷದ ಜನವರಿಯಲ್ಲಿ ತೀರಿಕೊಂಡ ಅನಿಲ್ ಅಗರ್ವಾಲ್ ಇದನ್ನು ನೋಡಲಿಲ್ಲ. ಸ್ವತಃ ಕ್ಯಾನ್ಸರ್ ರೋಗಿಯಾಗಿದ್ದುಕೊಂಡೇ ಅವರು ಈ ಕೆಲಸ ಮಾಡಿದ್ದರು.

ಕರವಸ್ತ್ರ ಬಿಳಿಯಾಗಿ ಉಳಿಯತೊಡಗಿತು. ಹಾಗೇ ಉಳಿಯಬಹುದಿತ್ತು.

ಮುಂದಿನದರಲ್ಲಿ ನನ್ನ ಪಾಲೂ ಇದೆ, ಮುಚ್ಚಿಡುವುದಿಲ್ಲ. ರೈತರಿಗೆ, ಲಾರಿಗೆ ಎಂದು ಸರ್ಕಾರ ಡೀಸೆಲ್ ಬೆಲೆಯನ್ನು ತಗ್ಗಿಸಿ ಇಟ್ಟಿತ್ತು. ಆ ಅಗ್ಗದ ಬೆಲೆ ಕಾರುಗಳಿಗೂ ಸಿಕ್ಕಿತು. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ ಲೀಟರಿಗೆ 73 ರೂಪಾಯಿ, ಡೀಸೆಲ್ 41ರ ಆಸುಪಾಸು. ಆಗ ನಾನು ವಾಹನ ಸಾಲದ ಮೇಜಿನಲ್ಲಿದ್ದೆ. ಗ್ರಾಹಕರಿಗೆ ಹಾಳೆಯ ಮೇಲೆ ಲೆಕ್ಕ ಹಾಕಿ ತೋರಿಸುತ್ತಿದ್ದೆ: ಪೆಟ್ರೋಲ್ ಕಾರು ಲೀಟರಿಗೆ 15 ಕಿ.ಮೀ., ಅಂದರೆ ಕಿಲೋಮೀಟರಿಗೆ 4 ರೂಪಾಯಿ 87 ಪೈಸೆ. ಡೀಸೆಲ್ ಕಾರು 20 ಕಿ.ಮೀ., ಅಂದರೆ 2 ರೂಪಾಯಿ 5 ಪೈಸೆ. ಕಾರಿಗೆ ಒಂದು ಲಕ್ಷ ಹೆಚ್ಚು ಕೊಟ್ಟರೂ ಸುಮಾರು 35,000 ಕಿ.ಮೀ. ಓಡಿದರೆ ಅಸಲು ಬಂತು, ಅಲ್ಲಿಂದ ಮುಂದೆ ಲಾಭ. ಲೆಕ್ಕದಲ್ಲಿ ಒಂದು ಪೈಸೆ ತಪ್ಪಿರಲಿಲ್ಲ. ಗ್ರಾಹಕರು ಸಂತೋಷದಿಂದ ಸಹಿ ಹಾಕುತ್ತಿದ್ದರು. ಆ ಹೊತ್ತಿಗೆ ದೇಶದಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ಅರ್ಧದಷ್ಟು ಡೀಸೆಲಿನವೇ. ಬಸ್ಸಿನಿಂದ ಇಳಿಸಿದ ಮಸಿಯನ್ನು ಕಾರಿಗೆ ಹತ್ತಿಸಿದಂತಾಯಿತು. ನನ್ನ ಆ ಹಾಳೆಯಲ್ಲಿ ಹೊಗೆಗೆ ಒಂದು ಸಾಲು ಇರಲಿಲ್ಲ. ಖರ್ಚು ಇರಲಿಲ್ಲವೆಂದಲ್ಲ, ಬೇರೆಯವರ ಖಾತೆಗೆ ಹೋಗುತ್ತಿತ್ತು. ಈಗ ನೆರವು ಸಮಿತಿಯಲ್ಲಿ ಕುಳಿತಾಗ ಅಂಥ ಒಂದು ಖಾತೆ ಕಣ್ಣಿಗೆ ಬೀಳುತ್ತಿದೆ.

2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯ ನಿಯಂತ್ರಣ ತೆಗೆದರು. ಅಂತರ ಕುಗ್ಗಿತು, ಡೀಸೆಲ್ ಕಾರಿನ ಮೋಹವೂ ಇಳಿಯಿತು. ಭಾಷಣ ಮಾಡದ ಕೆಲಸವನ್ನು ಬೆಲೆ ಮಾಡಿತು. 2015ರಲ್ಲಿ ಹಸಿರು ನ್ಯಾಯಮಂಡಳಿ ದೆಹಲಿ ಪ್ರದೇಶದಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನ ಬೇಡವೆಂದಿತು. ಆ ಆದೇಶದ ಜಾರಿಯ ಕಥೆ ಇನ್ನೂ ಎಳೆದಾಡುತ್ತಲೇ ಇದೆ. ಅದೇ ವರ್ಷ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ದೆಹಲಿ ಹಾದುಹೋಗುವ ಲಾರಿಗಳಿಗೆ ಪರಿಸರ ಶುಲ್ಕ ಹಾಕಿತು. ಸಣ್ಣದಕ್ಕೆ 700, ದೊಡ್ಡದಕ್ಕೆ 1,300 ರೂಪಾಯಿ, ಡಿಸೆಂಬರಿನಲ್ಲಿ ಅದರ ಎರಡರಷ್ಟು. ಅದಕ್ಕೆ ಮುಂಚೆ, ಊರಿನಲ್ಲಿ ಇಳಿಸಲು ಒಂದು ಮೂಟೆಯೂ ಇಲ್ಲದ ಲಾರಿಗಳು ಬಳಸುದಾರಿಯ ಟೋಲ್ ಉಳಿಸಲು ದೆಹಲಿಯ ಮಧ್ಯದಲ್ಲೇ ನುಗ್ಗುತ್ತಿದ್ದವು. 2018ರಲ್ಲಿ ಪೂರ್ವ, ಪಶ್ಚಿಮ ಎರಡೂ ಹೊರವರ್ತುಲ ಹೆದ್ದಾರಿಗಳು ಪೂರ್ತಿಯಾದ ಮೇಲೆ ಅವಕ್ಕೆ ನಗರದ ಹೊರಗೇ ಹೋಗಲು ದಾರಿಯಾಯಿತು.

ಇಂಧನದ ವಿಷಯದಲ್ಲಿ ಒಂದು ಮುಖ್ಯ ಸಂಗತಿ ಇದೆ, ನನಗೂ ತಡವಾಗಿ ಅರ್ಥವಾಯಿತು. ಹೊಗೆ ಸೋಸುವ ಜಾಲರಿಯನ್ನು ಮೊದಲೇ ಯಾಕೆ ಹಾಕಲಿಲ್ಲ? ಗಂಧಕವಿದ್ದರೆ ಜಾಲರಿಯೂ ಅದರ ಜೊತೆಗಿನ ರಾಸಾಯನಿಕ ವ್ಯವಸ್ಥೆಯೂ ಕೆಡುತ್ತವೆ. ಹಾಗಾಗಿ ಮೊದಲು ಎಣ್ಣೆ ಶುದ್ಧವಾಗಬೇಕು, ಅದಕ್ಕೆ ಸಂಸ್ಕರಣಾಗಾರಗಳು ಬಹಳ ಹಣ ಹಾಕಬೇಕು. 10,000 ಭಾಗದ ಗಂಧಕ ಹಂತಹಂತವಾಗಿ 500, 350, 50ಕ್ಕೆ ಇಳಿದು, ‘ಬಿ.ಎಸ್. 6’ ಎಂಬ ಮಾನದಂಡದಲ್ಲಿ 10ಕ್ಕೆ ಬಂತು. ದೆಹಲಿಗೆ ಈ ಎಣ್ಣೆ 2018ರ ಏಪ್ರಿಲ್ 1ಕ್ಕೆ ಬಂತು, ದೇಶಕ್ಕೆಲ್ಲ 2020ರ ಏಪ್ರಿಲ್ 1ಕ್ಕೆ. ಹೊಸ ಡೀಸೆಲ್ ಕಾರು ಕಿಲೋಮೀಟರಿಗೆ ಬಿಡಬಹುದಾದ ಮಸಿ 25 ಮಿಲಿಗ್ರಾಮಿನಿಂದ 4.5ಕ್ಕೆ, ನೈಟ್ರೋಜನ್ ಆಕ್ಸೈಡು 250ರಿಂದ 80ಕ್ಕೆ ಇಳಿಯಿತು. ಈ ಜಾಲರಿಯಲ್ಲಿ ಸಿಕ್ಕಿಬಿದ್ದ ಮಸಿ ಆಗಾಗ ಹೆಚ್ಚಿನ ಶಾಖದಲ್ಲಿ ಸುಟ್ಟುಹೋಗಬೇಕು. ತರಕಾರಿಗೆ, ಶಾಲೆಗೆ ಎಂದು ಎರಡು ಕಿಲೋಮೀಟರ್ ಓಡಿಸುವ ಕಾರಿನಲ್ಲಿ ಅಷ್ಟು ಶಾಖ ಬರುವುದೇ ಇಲ್ಲ, ಎಚ್ಚರಿಕೆ ದೀಪ ಹೊತ್ತಿಕೊಳ್ಳುತ್ತದೆ. ಆಗ ಗ್ಯಾರೇಜಿನವನು ‘ಜಾಲರಿ ತೆಗೆದುಬಿಡೋಣ ಸಾರ್’ ಎನ್ನುತ್ತಾನೆ. ದಯವಿಟ್ಟು ಒಪ್ಪಬೇಡಿ. ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿದರೆ ಬಹಳ ಸಲ ಸರಿಹೋಗುತ್ತದೆ. ಹೊಗೆ ತಪಾಸಣೆಯ ಚೀಟಿ ಇದೆಯಲ್ಲ ಎಂದು ನೆಮ್ಮದಿಯಾಗಿರಲೂ ಆಗದು. ಡೀಸೆಲ್ ವಾಹನಕ್ಕೆ ಅಲ್ಲಿ ನೋಡುವುದು ಹೊಗೆಯ ದಟ್ಟಣೆಯನ್ನು ಮಾತ್ರ, ಸೂಕ್ಷ್ಮ ಕಣವನ್ನಾಗಲಿ ನೈಟ್ರೋಜನ್ ಆಕ್ಸೈಡನ್ನಾಗಲಿ ಅಳೆಯುವುದಿಲ್ಲ.

ಇನ್ನು ನಮ್ಮ ಮನೆಬಾಗಿಲ ವಿಷಯ, ಜನರೇಟರು. ಮೊದಲು ಹೇಳಿದ ಅರ್ಜಿದಾರರಿಗೆ ಸಂಘದಿಂದ ಆಮ್ಲಜನಕ ಯಂತ್ರ ಕೊಟ್ಟೆವು. ಹದಿನೈದು ದಿನ ಬಿಟ್ಟು ನೋಡಲು ಹೋದೆ. ಮಾತಾಡುತ್ತಿದ್ದಾಗ ಕರೆಂಟ್ ಹೋಯಿತು. ಯಂತ್ರ ಕೀ ಎಂದು ಕೂಗಿ ನಿಂತಿತು. ಒಂದು ನಿಮಿಷದೊಳಗೆ ಕೆಳಗೆ ಕಟ್ಟಡದ ಡೀಸೆಲ್ ಜನರೇಟರು ಗುಡುಗಿತು, ಯಂತ್ರ ಮತ್ತೆ ಚಾಲೂ ಆಯಿತು. ಅವರ ಹೆಂಡತಿ ಎದ್ದು ಹೋಗಿ ಕಿಟಕಿ ಮುಚ್ಚಿ, ಸಂದಿಗೆ ಒದ್ದೆ ಟವೆಲ್ ತುರುಕಿದರು. ಜನರೇಟರಿನ ಹೊಗೆಕೊಳವೆ ಸರಿಯಾಗಿ ಆ ಕಿಟಕಿಯ ಕೆಳಗೇ ಇತ್ತು. ದಿನವೂ ಮಾಡುವ ಕೆಲಸವೆಂಬಂತೆ ಮಾಡಿ, ಬಂದು ಕೂತು, ‘ಚಹಾ ತಗೊಳ್ರಿ’ ಎಂದರು.

ಆಮೇಲೆ ಒಂದು ಇನ್ವರ್ಟರ್ ಕೊಡಿಸಿದೆವು. ಐದು ಲೀಟರಿನ ಯಂತ್ರ ಸುಮಾರು 350 ವ್ಯಾಟ್ ಎಳೆಯುತ್ತದೆ. 150 ಆಂಪಿಯರ್ ಅವರಿನ ಒಂದು ಬ್ಯಾಟರಿಯಲ್ಲಿ ಮೂರು, ಮೂರೂವರೆ ಗಂಟೆ ನಡೆಯುತ್ತದೆ. ಅಲ್ಲಿಗೆ ಆ ಮನೆಯ ಮಟ್ಟಿಗೆ ಜನರೇಟರಿನ ಹಂಗು ತಪ್ಪಿತು, ಆದರೆ ಅದರ ಹೊಗೆ ತಪ್ಪಲಿಲ್ಲ. ಕಟ್ಟಡದ ಸಮಿತಿಗೆ ಪತ್ರ ಬರೆದು ಕೊಳವೆಯನ್ನು ಮಾಳಿಗೆಯ ಮೇಲಕ್ಕೆ ಏರಿಸಿ ಎಂದು ಕೇಳಿದ್ದೇವೆ. ಉತ್ತರ ಬಂದಿಲ್ಲ.

ಬೇರೆಯವರಿಗೆ ಪತ್ರ ಬರೆಯುವ ಮುಂಚೆ ನಮ್ಮದನ್ನು ನೋಡಿಕೊಳ್ಳಬೇಕಿತ್ತು. ರಾಜ್ಯೋತ್ಸವ ಬರುವುದು ನವೆಂಬರಿನಲ್ಲಿ, ದೆಹಲಿಯ ಗಾಳಿ ವರ್ಷದಲ್ಲೇ ಅತಿ ಕೆಟ್ಟಿರುವ ದಿನಗಳಲ್ಲಿ. ಪಿ.ಎಂ. 2.5ಕ್ಕೆ ನಮ್ಮ ದೇಶದ ಒಂದು ದಿನದ ಮಿತಿ ಘನಮೀಟರಿಗೆ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯದು 15. ನವೆಂಬರಿನಲ್ಲಿ ಇಲ್ಲಿ 200, 300 ಕಾಣುವುದು ಹೊಸದೇನಲ್ಲ. ಅಂಥ ಸಂಜೆ ನಾವು ಸಭಾಂಗಣದ ಹಿಂದೆ, ಅಡುಗೆಯವರು ಪೂರಿ ಕರಿಯುವ ಜಾಗದ ಪಕ್ಕದಲ್ಲೇ, ಬಾಡಿಗೆ ಜನರೇಟರು ನಿಲ್ಲಿಸಿ ಆರು ಗಂಟೆ ಓಡಿಸುತ್ತಿದ್ದೆವು. ಕಾರ್ಯದರ್ಶಿಯಾಗಿದ್ದ ವರ್ಷ ಆ ಬಾಡಿಗೆಯ ಬಿಲ್ಲಿಗೆ ನಾನೇ ಸಹಿ ಹಾಕಿದ್ದೇನೆ. ಹಿರಿಯರು ಸಭೆಗೆ ಬರುವುದು ಕಡಿಮೆಯಾಯಿತೆಂದು ಅದೇ ವರ್ಷದ ವರದಿಯಲ್ಲಿ ಬರೆದವನೂ ನಾನೇ. ಈಗಂತೂ ಗಾಳಿ ಕೆಟ್ಟಾಗ ಡೀಸೆಲ್ ಜನರೇಟರಿಗೆ ಸರ್ಕಾರಿ ನಿರ್ಬಂಧವೂ ಇದೆ. ಆಸ್ಪತ್ರೆಯಂಥ ತುರ್ತು ಅಗತ್ಯಗಳಿಗೆ ವಿನಾಯಿತಿ ಇದೆ, ಕೋಲಾಟಕ್ಕೆ ಇಲ್ಲ.

ಈ ವರ್ಷ ಕಾರ್ಯಕಾರಿ ಸಮಿತಿ ಹೀಗೆ ತೀರ್ಮಾನಿಸಿದೆ. ವಿದ್ಯುತ್ ಕಂಪನಿಯಿಂದ ತಾತ್ಕಾಲಿಕ ಸಂಪರ್ಕ ಪಡೆಯುವುದು, ಧ್ವನಿವರ್ಧಕಕ್ಕೆ ಬ್ಯಾಟರಿ ಇಟ್ಟುಕೊಳ್ಳುವುದು, ಕಾರ್ಯಕ್ರಮವನ್ನು ಸಂಜೆಯ ಬದಲು ಬೆಳಿಗ್ಗೆ 11ರಿಂದ 4ರವರೆಗೆ ನಡೆಸುವುದು. ಬಿಸಿಲಿರುವ ಹೊತ್ತಿನಲ್ಲಿ ಆ ‘ಮುಚ್ಚಳ’ ಸ್ವಲ್ಪ ತೆರೆದಿರುತ್ತದೆ. ದೀಪಾಲಂಕಾರ ಇರುವುದಿಲ್ಲ, ಮಕ್ಕಳು ಬೇಸರಿಸಬಹುದು. ಊರುಗಳಿಂದ ಬಸ್ಸು ಮಾಡಿಕೊಂಡು ಬರುವ ತಂಡಗಳು ಬಸ್ಸು ನಿಂತೊಡನೆ ಎಂಜಿನ್ ಆರಿಸುವಂತೆ ಚಾಲಕರಿಗೆ ಹೇಳಬೇಕಾಗಿ ವಿನಂತಿ. ಉಬ್ಬಸವಿರುವವರು ಬರುವುದಾದರೆ ಎನ್-95 ಮುಖಗವಸು ಹಾಕಿಕೊಂಡು ಬನ್ನಿ. ಕರವಸ್ತ್ರ, ಬಟ್ಟೆಯ ಗವಸು ಈ ಕಣಗಳನ್ನು ತಡೆಯುವುದಿಲ್ಲ, ಎನ್-95 ಕೂಡ ಅನಿಲಗಳನ್ನು ತಡೆಯುವುದಿಲ್ಲ.

ಈಗ ನಿಧಿಯ ಮಾತು. ಯಂತ್ರ ಕೊಡಿಸುತ್ತೇವೆಂದರೆ ದಾನಿಗಳು ಮುಂದೆ ಬರುತ್ತಾರೆ. ಫೋಟೋ ತೆಗೆಯಬಹುದು, ಹೆಸರು ಬರೆಸಬಹುದು, ಅದು ತಪ್ಪೇನಲ್ಲ. ಆದರೆ 350 ವ್ಯಾಟಿನ ಯಂತ್ರ ದಿನಕ್ಕೆ ಹದಿನೈದು ಗಂಟೆ ಓಡಿದರೆ ಐದು ಯೂನಿಟ್ಟಿಗೂ ಮೇಲೆ, ತಿಂಗಳಿಗೆ 150 ಯೂನಿಟ್ಟಿಗೂ ಮೇಲೆ ವಿದ್ಯುತ್. ಬ್ಯಾಟರಿ ಕೆಲವು ವರ್ಷಕ್ಕೊಮ್ಮೆ ಬದಲಾಗಬೇಕು, ಯಂತ್ರದ ಫಿಲ್ಟರ್ ಬದಲಾಗಬೇಕು. ಈ ತಿಂಗಳ ಖರ್ಚಿಗೆ ಕೊಡುವವರು ಸಿಗುವುದಿಲ್ಲ. ಕಳೆದ ವರ್ಷ ಒಂದು ಮನೆಯವರು ಬಿಲ್ಲಿಗೆ ಹೆದರಿ ಯಂತ್ರವನ್ನು ಹದಿನೈದರ ಬದಲು ಆರು ಗಂಟೆ ಮಾತ್ರ ಓಡಿಸುತ್ತಿದ್ದರೆಂದು ನಮಗೆ ತಡವಾಗಿ ತಿಳಿಯಿತು. ಆದ್ದರಿಂದ ಈ ಸಲ ನಾವು ಕೇಳುತ್ತಿರುವುದು ಒಂದು ಸಲದ ದೊಡ್ಡ ಮೊತ್ತವನ್ನಲ್ಲ, ತಿಂಗಳಿಗೆ ನಿಮ್ಮ ಕೈಲಾದಷ್ಟರ ಸ್ಥಾಯಿ ಆದೇಶವನ್ನು. ನಿಮ್ಮ ಬ್ಯಾಂಕಿಗೆ ಒಂದು ಸಲ ಬರೆದುಕೊಟ್ಟರೆ ಸಾಕು, ಬೇಡವಾದಾಗ ನಿಲ್ಲಿಸಬಹುದು. ನಮೂನೆ ಬೇಕಾದವರಿಗೆ ನಾನೇ ಭರ್ತಿ ಮಾಡಿಕೊಡುತ್ತೇನೆ, ಜೀವಮಾನವಿಡೀ ಮಾಡಿದ ಕೆಲಸ ಅದು. ಪ್ರತಿ ಭಾನುವಾರ ಹತ್ತರಿಂದ ಹನ್ನೆರಡರವರೆಗೆ ಸಂಘದ ಕಚೇರಿಯಲ್ಲಿರುತ್ತೇನೆ.

ಅರ್ಜಿಯ ಆ ಕಲಂ ತೆಗೆದುಹಾಕಿದ್ದೇವೆ. ಅದರ ಜಾಗದಲ್ಲಿ ‘ಎಲ್ಲಿ, ಎಷ್ಟು ವರ್ಷ ಕೆಲಸ ಮಾಡಿದಿರಿ?’ ಎಂದು ಕೇಳಿದ್ದೇವೆ. ಎರಡು ಆಮ್ಲಜನಕ ಯಂತ್ರಗಳು ಸದ್ಯ ಕಚೇರಿಯ ಬೀರುವಿನ ಪಕ್ಕದಲ್ಲಿವೆ. ಅಗತ್ಯವಿರುವವರು ವೈದ್ಯರ ಚೀಟಿಯೊಂದಿಗೆ ಬಂದು ತೆಗೆದುಕೊಂಡು ಹೋಗಬಹುದು, ಠೇವಣಿ ಬೇಕಿಲ್ಲ.